ನೆರೆಯವರಿಗೆ ಹೊಣೆನಿಂತ ರೈಫೈಸನ್

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ಹಿರಿಯರ ವಿಶ್ವಾಸವನ್ನೂ ತ್ಯಾಗವನ್ನೂ ನೆನೆಯುವುದು ನಮ್ಮೆಲ್ಲರ ಕರ್ತವ್ಯವಾಗಿದೆ. ದೇವಾಲಯದ ಗೋಡೆಗಳನ್ನು ಎಬ್ಬಿಸಿದ ಕೈಗಳನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅದೇ ಕೈಗಳು ಬರಗಾಲದಲ್ಲಿ, ರೋಗರುಜಿನಗಳಲ್ಲಿ, ಮಗಳ ಮದುವೆಯ ಮುಗ್ಗಟ್ಟಿನಲ್ಲಿ ಒಬ್ಬರನ್ನೊಬ್ಬರು ಹಿಡಿದೆತ್ತಿದ್ದನ್ನೂ ಸ್ಮರಿಸಬೇಕಲ್ಲವೇ? ಕಡರನಾಯಕನಹಳ್ಳಿಯ ಹೊಲಗದ್ದೆಗಳಿಂದ ಹಿಡಿದು ಹರಿಹರ, ದಾವಣಗೆರೆಗಳ ಪೇಟೆಬೀದಿಯವರೆಗೆ, ಒಮ್ಮೆಯಾದರೂ ಇನ್ನೊಬ್ಬರ ಸಾಲದ ಕಾಗದಕ್ಕೆ ಜಾಮೀನು ರುಜು ಹಾಕದ ಮನೆತನ ವಿರಳವೆಂದೇ ಹೇಳಬೇಕು. ಆ ರುಜುವಿನಿಂದ ಉಳಿದ ಸಂಸಾರಗಳೂ ಉಂಟು, ಅಳಿದ ಸಂಸಾರಗಳೂ ಉಂಟು. ಅಣ್ಣತಮ್ಮಂದಿರು ಮಾತು ಬಿಟ್ಟದ್ದು, ಒಂದೇ ಪೀಠದ ಮುಂದೆ ಮೊಣಕಾಲೂರುವವರು ಒಬ್ಬರ ಮುಖವನ್ನೊಬ್ಬರು ನೋಡದೆ ಹೋದದ್ದು ಈ ಕಾರಣದಿಂದಲೇ ಎಷ್ಟೋ ಸಲ.

ಹಾಗಾದರೆ ಕ್ರೈಸ್ತನಾದವನು ಸಾಲ ಕೊಡಬೇಕೇ, ಬೇಡವೇ? ನೆರೆಯವನಿಗೆ ಜಾಮೀನು ನಿಲ್ಲಬೇಕೇ, ಬೇಡವೇ? ಈ ಪ್ರಶ್ನೆಗೆ ಮಾತಿನಿಂದಲ್ಲ, ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟ ಒಬ್ಬ ಮಹನೀಯರ ಚರಿತ್ರೆಯನ್ನು ಈ ಸಂಚಿಕೆಯ ಓದುಗರ ಮುಂದಿಡಲು ಬಯಸುತ್ತೇವೆ. ಅವರೇ ಜರ್ಮನಿಯ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್.

ಶ್ರೀಗ್ರಂಥದ ಎರಡು ಬುದ್ಧಿವಾದಗಳು

ಚರಿತ್ರೆಗೆ ಮುನ್ನ ಶ್ರೀಗ್ರಂಥದ ಕಡೆಗೆ ತಿರುಗೋಣ. ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳ ಗ್ರಂಥವು ಪರರ ಸಾಲಕ್ಕೆ ಹೊಣೆಯಾಗುವುದನ್ನು ಬಲವಾಗಿ ಎಚ್ಚರಿಸುತ್ತದೆ. ಹಾಗೆ ಮಾತು ಕೊಟ್ಟು ಸಿಕ್ಕಿಬಿದ್ದವನು ನಿದ್ರೆಯನ್ನೂ ಬಿಟ್ಟು ಅದರಿಂದ ಪಾರಾಗಲು ಯತ್ನಿಸಬೇಕೆಂಬುದು ಅದರ ಬುದ್ಧಿವಾದ. ಆದರೆ ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ ಜೆರುಸಲೇಮಿನಲ್ಲಿ ಬಾಳಿದ ಜ್ಞಾನಿ ಸಿರಾಖನು ತನ್ನ ಗ್ರಂಥದ 29ನೆಯ ಅಧ್ಯಾಯದಲ್ಲಿ ಈ ವಿಷಯದ ಎರಡು ಮಗ್ಗುಲನ್ನೂ ತೂಗಿ ನೋಡುತ್ತಾನೆ. ಕಷ್ಟದಲ್ಲಿರುವ ನೆರೆಯವನಿಗೆ ಸಾಲ ಕೊಡುವುದು ಕರುಣೆಯ ಕಾರ್ಯ; ಸಜ್ಜನನು ಹೊಣೆನಿಲ್ಲಲು ಹಿಂಜರಿಯನು; ಉಪಕಾರ ಪಡೆದವನು ಹೊಣೆನಿಂತವನ ಋಣವನ್ನು ಮರೆಯಬಾರದು. ಆದರೂ ಹೊಣೆನಿಂತದ್ದರಿಂದಲೇ ಸ್ಥಿತಿವಂತರು ಮನೆಮಠ ಕಳೆದುಕೊಂಡದ್ದುಂಟು. ಆದ್ದರಿಂದ ನಿನ್ನ ಶಕ್ತಿ ಇರುವಷ್ಟು ಸಹಾಯ ಮಾಡು, ನೀನೇ ಬೀಳದಂತೆ ನೋಡಿಕೋ. ಇದು ಅವನ ಬೋಧನೆಯ ಸಾರಾಂಶ.

ಹೊಸ ಒಡಂಬಡಿಕೆಗೆ ಬಂದರೆ ಪ್ರಭು ಯೇಸುವಿನ ಸಾಮತಿಯಲ್ಲಿ ಬರುವ ಒಳ್ಳೆಯ ಸಮಾರಿಯನು ಗಾಯಗೊಂಡವನ ಮುಂದಿನ ಖರ್ಚಿಗೂ ಛತ್ರದವನ ಬಳಿ ತಾನೇ ಹೊಣೆಯಾದನು. ಸಂತ ಪೌಲರು ಫಿಲೆಮೋನನಿಗೆ ಬರೆದ ಪತ್ರದಲ್ಲಿ ಒನೇಸಿಮನ ಬಾಕಿಯನ್ನು ತಮ್ಮ ಲೆಕ್ಕಕ್ಕೆ ಹಾಕಿಕೊಂಡರು. ಹಿಬ್ರಿಯರಿಗೆ ಬರೆದ ಪತ್ರವಂತೂ ಯೇಸುಕ್ರಿಸ್ತರನ್ನೇ ಶ್ರೇಷ್ಠ ಒಡಂಬಡಿಕೆಯ ಹೊಣೆಗಾರರೆಂದು ಕರೆಯುತ್ತದೆ. ಹೀಗೆ ಒಂದು ಕಡೆ ಎಚ್ಚರಿಕೆ, ಇನ್ನೊಂದು ಕಡೆ ಪರಪ್ರೀತಿಯ ಕರೆ. ಇವೆರಡನ್ನೂ ಒಂದೇ ನೊಗಕ್ಕೆ ಹೂಡುವುದು ಹೇಗೆ? ರೈಫೈಸನರ ಬಾಳೆಲ್ಲ ಈ ಒಂದು ಪ್ರಶ್ನೆಯ ಸುತ್ತ ಸುತ್ತಿತು.

ಅವರು ನಮ್ಮ ಕಥೋಲಿಕ ಧರ್ಮಸಭೆಯವರಲ್ಲ, ಪ್ರೊಟೆಸ್ಟೆಂಟ್ ಕ್ರೈಸ್ತರು. ಆದರೂ ಎರಡನೆಯ ವ್ಯಾಟಿಕನ್ ಮಹಾಸಭೆಯು ಅಗಲಿದ ಸಹೋದರರಲ್ಲಿರುವ ಸದ್ಗುಣಗಳನ್ನು ಸಂತೋಷದಿಂದ ಗುರುತಿಸುವಂತೆ ನಮಗೆ ಕಲಿಸಿದೆ. ಅದೂ ಅಲ್ಲದೆ ಅವರು ಕಂಡುಕೊಂಡ ಮಾರ್ಗವನ್ನು ಕಥೋಲಿಕ ಗುರುಗಳೇ ದೇಶದೇಶಗಳಿಗೆ ಒಯ್ದರೆಂಬುದನ್ನು ಮುಂದೆ ನೋಡಲಿದ್ದೇವೆ.

ಬಾಲ್ಯ ಮತ್ತು ಯೌವನ

ರೈಫೈಸನರು 1818ನೆಯ ಇಸವಿ ಮಾರ್ಚ್ 30ರಂದು ಜರ್ಮನಿಯ ವೆಸ್ಟರ್‌ವಾಲ್ಡ್ ಎಂಬ ಗುಡ್ಡಗಾಡು ಸೀಮೆಯ ಹಾಮ್ ಎಂಬ ಊರಿನಲ್ಲಿ ಜನಿಸಿದರು. ಒಂಬತ್ತು ಮಕ್ಕಳಲ್ಲಿ ಅವರು ಏಳನೆಯವರು. ತಂದೆ ಬೇಗನೆ ಕಾಯಿಲೆ ಬಿದ್ದುದರಿಂದ ಸಂಸಾರದ ಭಾರವೆಲ್ಲ ದೈವಭಕ್ತೆಯಾದ ತಾಯಿಯ ಮೇಲೆ ಬಿತ್ತು. ಉನ್ನತ ಶಾಲೆಗೆ ಕಳುಹಿಸಲು ಹಣವಿರಲಿಲ್ಲ. ಊರಿನ ಪಾದ್ರಿಗಳಾದ ಸೈಪ್ಪೆಲರು ಹುಡುಗನಿಗೆ ತಾವೇ ಪಾಠ ಹೇಳಿದರು.

ಹದಿನೇಳನೆಯ ವಯಸ್ಸಿನಲ್ಲಿ ಅವರು ಪ್ರಷ್ಯದ ಫಿರಂಗಿ ದಳಕ್ಕೆ ಸೇರಿದರು. ಅಲ್ಲಿ ಏರುವ ದಾರಿ ತೆರೆದಿರುವಾಗಲೇ ಕಣ್ಣಿನ ರೋಗ ಕಾಣಿಸಿಕೊಂಡು 1843ರಲ್ಲಿ ಸೈನ್ಯ ಬಿಡಬೇಕಾಯಿತು. ಆ ರೋಗ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಮನುಷ್ಯನು ಮುಚ್ಚಿದನೆಂದು ತಿಳಿಯುವ ಬಾಗಿಲನ್ನು ದೇವರು ಬೇರೆ ಕಡೆಗೆ ತೆರೆಯುತ್ತಾರೆ ಎಂಬುದಕ್ಕೆ ಇದೂ ಒಂದು ನಿದರ್ಶನ. 1845ರಲ್ಲಿ ಅವರು ವೈಯರ್‌ಬುಷ್ ಎಂಬ ಬಡ ಗ್ರಾಮಸಮೂಹಕ್ಕೆ ಮೇಯರರಾಗಿ ನೇಮಕಗೊಂಡರು. ಅದೇ ವರ್ಷ ಎಮಿಲಿ ಎಂಬವರನ್ನು ವಿವಾಹವಾದರು.

ಹಸಿವಿನ ಚಳಿಗಾಲ

ಮರುವರ್ಷವೇ ಬೆಳೆ ಕೈಕೊಟ್ಟಿತು. 1846–47ರ ಚಳಿಗಾಲದಲ್ಲಿ ಆ ಸೀಮೆಯೆಲ್ಲ ಹಸಿವಿನಿಂದ ತತ್ತರಿಸಿತು. ಸರ್ಕಾರವು ಹಿಟ್ಟನ್ನೇನೋ ಕಳುಹಿಸಿತು. ಆದರೆ ಅದನ್ನು ನಗದು ಹಣಕ್ಕೆ ಮಾತ್ರ ಮಾರಬೇಕೆಂಬ ಆಜ್ಞೆಯೂ ಜೊತೆಗೆ ಬಂತು. ಕೈಯಲ್ಲಿ ಕಾಸಿದ್ದವನಿಗೆ ಹಸಿವೆಲ್ಲಿ? ಹಸಿದವನ ಕೈಯಲ್ಲಿ ಕಾಸೆಲ್ಲಿ?

ತರುಣ ಮೇಯರರು ಮೇಲಧಿಕಾರಿಗಳ ಆಜ್ಞೆಯನ್ನು ಬದಿಗಿಟ್ಟು ಬಡವರಿಗೆ ಕಡವಾಗಿ ಹಿಟ್ಟು ಕೊಡಲು ನಿರ್ಧರಿಸಿದರು. ಊರಿನ ಸ್ಥಿತಿವಂತರನ್ನು ಕೂಡಿಸಿ, ಅವರಿಂದ ಹಣ ಸಂಗ್ರಹಿಸಿ, ಒಂದು ರೊಟ್ಟಿ ಸಂಘವನ್ನು ಸ್ಥಾಪಿಸಿದರು. ಊರಿಗೊಂದು ಬೇಯಿಸುವ ಮನೆ ಎದ್ದಿತು. ಪೇಟೆಯ ಬೆಲೆಗಿಂತ ಬಹಳ ಕಡಿಮೆಗೆ, ಅದೂ ಮುಂದೆ ತೀರಿಸುವ ಕರಾರಿನ ಮೇಲೆ, ಬಡವರಿಗೆ ರೊಟ್ಟಿ ದೊರೆಯಿತು. ಬೆಳೆದ ಪದಾರ್ಥ ಪೇಟೆ ಮುಟ್ಟಲೆಂದು ರೈನ್ ನದಿಯ ಕಡೆಗೆ ರಸ್ತೆ ಮಾಡಿಸುವ ಕೆಲಸವನ್ನೂ ಅವರು ಕೈಗೆತ್ತಿಕೊಂಡರು. ಕೊಟ್ಟ ಮಾತಿನ ಮೇಲೆ ಬಡವನನ್ನು ನಂಬಬಹುದೆಂಬ ಪಾಠವನ್ನು ಆ ಚಳಿಗಾಲ ಅವರಿಗೆ ಕಲಿಸಿತು.

ಅರವತ್ತು ಮಂದಿಯ ರುಜು

1848ರಲ್ಲಿ ಅವರಿಗೆ ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿಗೆ ವರ್ಗವಾಯಿತು. ಅಲ್ಲಿ ಅವರು ಕಂಡದ್ದು ಇನ್ನೊಂದು ಬಗೆಯ ಸಂಕಟ. ಬಡರೈತನಿಗೆ ಹಸು ಕೊಳ್ಳಲು ಹಣವಿಲ್ಲ. ದನದ ವ್ಯಾಪಾರಿ ಹಸುವನ್ನು ಕಡಕೊಡುತ್ತಾನೆ. ಆದರೆ ಹಸು ವ್ಯಾಪಾರಿಯದಾಗಿಯೇ ಉಳಿಯುತ್ತದೆ. ಮೇಯಿಸುವ ಶ್ರಮ ರೈತನದು, ಲಾಭದ ಬಹುಪಾಲು ವ್ಯಾಪಾರಿಯದು. ಬಡ್ಡಿಯ ಮೇಲೆ ಬಡ್ಡಿ ಬೆಳೆದು ಕಡೆಗೆ ಹೊಲ, ಮನೆಗಳೇ ಹರಾಜಿಗೆ ಬರುತ್ತಿದ್ದವು. ಸಾಲವೇ ಶೂಲವೆಂಬ ನಮ್ಮವರ ಮಾತು ಆ ದೂರದ ನಾಡಿನಲ್ಲಿಯೂ ಅಕ್ಷರಶಃ ನಿಜವಾಗಿತ್ತು.

1849ರಲ್ಲಿ ರೈಫೈಸನರು ಊರಿನ ಸುಮಾರು ಅರವತ್ತು ಮಂದಿ ಅನುಕೂಲಸ್ಥರನ್ನು ಒಡಂಬಡಿಸಿ ಒಂದು ಸಹಾಯ ಸಂಘವನ್ನು ಕಟ್ಟಿದರು. ಆ ಅರವತ್ತು ಮಂದಿ ದಾನ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ತಮ್ಮ ಸಮಸ್ತ ಆಸ್ತಿಯ ಮೇಲೆ ಒಟ್ಟಾಗಿ ಹೊಣೆಯೊಪ್ಪಿದರು. ಅವರ ಹೊಣೆಯ ಬಲದಿಂದ ಹೊರಗಿನಿಂದ ಹಣ ಸಾಲವಾಗಿ ಬಂತು. ಆ ಹಣದಿಂದ ಹಸುಗಳನ್ನು ಕೊಂಡು ಬಡರೈತರಿಗೆ ಕೊಟ್ಟು, ಐದು ವರ್ಷಗಳ ಕಂತಿನಲ್ಲಿ ತೀರಿಸುವ ಏರ್ಪಾಡು ಮಾಡಲಾಯಿತು. ಶ್ರೀಮಂತನು ಬಡವನಿಗಾಗಿ ಹೊಣೆನಿಲ್ಲುವ ಸಮಾರಿಯನ ಮಾರ್ಗವೇ ಇದು.

ದಣಿದ ದಾನ

1852ರಲ್ಲಿ ರೈನ್ ದಂಡೆಯ ಹೆಡ್ಡೆಸ್‌ಡಾರ್ಫಿಗೆ ಮೇಯರರಾಗಿ ಬಂದ ಅವರು 1854ರಲ್ಲಿ ಅಲ್ಲಿಯೂ ಒಂದು ಧರ್ಮಕಾರ್ಯ ಸಂಘವನ್ನು ಆರಂಭಿಸಿದರು. ಅನಾಥ ಮಕ್ಕಳ ಪೋಷಣೆ, ಸೆರೆಯಿಂದ ಬಿಡುಗಡೆಯಾದವರಿಗೆ ಕೆಲಸ, ಬಡರೈತರಿಗೆ ಸಾಲ ಮುಂತಾದ ಹಲವು ಕರುಣಾಕಾರ್ಯಗಳನ್ನು ಅದು ಹೊತ್ತುಕೊಂಡಿತು. ಕೆಲವು ವರ್ಷಗಳು ಚೆನ್ನಾಗಿಯೇ ನಡೆಯಿತು. ಆದರೆ ಕ್ರಮೇಣ ಉಳ್ಳವರ ಉತ್ಸಾಹ ಕುಗ್ಗಿತು. ಹೊಣೆ ಒಬ್ಬರದು, ಪ್ರಯೋಜನ ಇನ್ನೊಬ್ಬರದು. ಹೊಣೆಹೊತ್ತವನಿಗೆ ಪ್ರತಿದಿನ ಭಯ, ಸಾಲ ಪಡೆದವನಿಗೆ ಸಂಘವು ತನ್ನದೆಂಬ ಭಾವನೆಯಿಲ್ಲ. ಒಬ್ಬೊಬ್ಬರಾಗಿ ಹಿಂದೆ ಸರಿಯಹತ್ತಿದರು.

ರೈಫೈಸನರ ಬಾಳಿನಲ್ಲಿ ಇದು ಅತ್ಯಂತ ಕಠಿಣವಾದ ಘಳಿಗೆ. ಉಳ್ಳವರ ಪ್ರೀತಿಯೊಂದೇ ಸಾಕೆಂದು ಅವರು ಹೃತ್ಪೂರ್ವಕವಾಗಿ ನಂಬಿದ್ದರು. ಆ ನಂಬಿಕೆ ಕಣ್ಣೆದುರಿಗೇ ಸೋಲುತ್ತಿತ್ತು. ಇದೇ ಸಮಯದಲ್ಲಿ, 1863ರಲ್ಲಿ, ಧರ್ಮಪತ್ನಿ ಎಮಿಲಿಯವರೂ ತೀರಿಕೊಂಡರು. ಹಠ ಹಿಡಿದಿದ್ದರೆ ಸಂಘ ಮುಳುಗುತ್ತಿತ್ತು. ಕೈಬಿಟ್ಟಿದ್ದರೆ ಬಡವರು ಮತ್ತೆ ಬಡ್ಡಿವ್ಯಾಪಾರಿಯ ಪಾಲಾಗುತ್ತಿದ್ದರು. ಅವರು ಎರಡನ್ನೂ ಮಾಡಲಿಲ್ಲ. ತಮ್ಮ ತಪ್ಪನ್ನು ಒಪ್ಪಿಕೊಂಡು ದಾರಿ ಬದಲಿಸಿದರು. 1864ರಲ್ಲಿ ಹಳೆಯ ಸಂಘವು ಹೆಡ್ಡೆಸ್‌ಡಾರ್ಫ್ ಸಾಲನಿಧಿ ಸಂಘವಾಯಿತು. ಇನ್ನು ಮುಂದೆ ಸಾಲ ಬೇಕಾದವನು ತಾನೇ ಸದಸ್ಯನಾಗಬೇಕು. ಇಂದು ನನಗಾಗಿ ಊರು ಹೊಣೆ. ನಾಳೆ ಊರಿಗಾಗಿ ನಾನು ಹೊಣೆ. ಕೈಚಾಚುವವನೇ ಹೆಗಲು ಕೊಡುವವನೂ ಆದನು.

ಸಂಘದ ಕಟ್ಟಳೆಗಳು

ಸಿರಾಖನ ಎರಡು ಬುದ್ಧಿವಾದಗಳೂ ಒಂದಾದದ್ದು ಇಲ್ಲಿಯೇ. ಹೊಣೆನಿಲ್ಲಬೇಕು, ಆದರೆ ಕಣ್ಣುಮುಚ್ಚಿ ನಿಲ್ಲಬಾರದು. ಅದಕ್ಕಾಗಿ ರೈಫೈಸನರು ಮಾಡಿದ ಕಟ್ಟಳೆಗಳು ಇಂದಿಗೂ ಮನನಯೋಗ್ಯವಾಗಿವೆ.

ಮೊದಲನೆಯದಾಗಿ, ಸಂಘದ ವ್ಯಾಪ್ತಿ ಚಿಕ್ಕದಾಗಿರಬೇಕು. ಒಂದು ಧರ್ಮಕೇಂದ್ರ ಅಥವಾ ಒಂದೆರಡು ಹಳ್ಳಿ ಸಾಕು. ಯಾರು ದುಡಿಯುವವನು, ಯಾರು ಕುಡಿಯುವವನು ಎಂಬುದು ಪರಸ್ಪರ ಬಲ್ಲವರಿಗೆ ಮಾತ್ರ ತಿಳಿಯುತ್ತದೆ. ಎರಡನೆಯದಾಗಿ, ಎಲ್ಲ ಸದಸ್ಯರೂ ತಮ್ಮ ಪೂರ್ಣ ಆಸ್ತಿಯಿಂದ ಸಂಘಕ್ಕೆ ಹೊಣೆ. ಆದ್ದರಿಂದ ಒಬ್ಬನ ಅಡ್ಡದಾರಿ ಎಲ್ಲರ ಚಿಂತೆ. ಮೂರನೆಯದಾಗಿ, ಹಸು, ಬೀಜ, ಭೂಮಿಯ ಸುಧಾರಣೆ, ಬಡ್ಡಿವ್ಯಾಪಾರಿಯ ಹಳೆಯ ಬಾಕಿ ಇಂಥ ಉಪಯುಕ್ತ ಕಾರಣಕ್ಕೇ ಸಾಲ, ಆಡಂಬರಕ್ಕಿಲ್ಲ. ಹೇಳಿದ ಕಾರಣ ಬಿಟ್ಟು ಬೇರೆಡೆ ಖರ್ಚಾದರೆ ಹಣವನ್ನು ಹಿಂದಕ್ಕೆ ಕೇಳುವ ಹಕ್ಕು ಸಂಘಕ್ಕಿತ್ತು. ನಾಲ್ಕನೆಯದಾಗಿ, ಪ್ರತಿ ಸಾಲಕ್ಕೂ ವೈಯಕ್ತಿಕ ಜಾಮೀನುದಾರರು ಬೇಕು. ಅವರ ಸ್ಥಿತಿಗತಿ ಸರಿಯಾಗಿದೆಯೇ ಎಂದು ಮೇಲ್ವಿಚಾರಣಾ ಸಮಿತಿಯು ಆಗಾಗ್ಗೆ ಪರಿಶೀಲಿಸಬೇಕು. ಐದನೆಯದಾಗಿ, ಸಾಲದ ಅವಧಿ ರೈತನ ದುಡಿಮೆಗೆ ಹೊಂದುವಂತೆ ದೀರ್ಘವಾಗಿರಬೇಕು. ಕೊನೆಯದಾಗಿ, ಲೆಕ್ಕ ಬರೆಯುವವನ ಹೊರತು ಆಡಳಿತ ನಡೆಸುವವರಿಗೆ ಸಂಬಳವಿಲ್ಲ. ಉಳಿದ ಲಾಭವು ಹಂಚದ ಮೀಸಲು ನಿಧಿಗೆ ಸೇರಬೇಕು.

ಇವುಗಳ ತಳಹದಿ ಅಂತಿಮ ತೀರ್ಪಿನ ಕುರಿತಾದ ಮತ್ತಾಯನ ಶುಭಸಂದೇಶವೆಂದು ರೈಫೈಸನರು ನಂಬಿದ್ದರು. ಅತ್ಯಲ್ಪನಾದ ಸಹೋದರನಿಗೆ ಮಾಡಿದ್ದು ಕ್ರಿಸ್ತರಿಗೇ ಮಾಡಿದಂತೆ ಎಂಬ ಆ ಬೋಧನೆಗೆ ಅವರು ಲೆಕ್ಕಪುಸ್ತಕದ ರೂಪ ಕೊಟ್ಟರು ಎಂದರೆ ತಪ್ಪಾಗಲಾರದು.

ಕತ್ತಲೆಯಲ್ಲಿ ದುಡಿಮೆ

1865ರಲ್ಲಿ ಅನಾರೋಗ್ಯದಿಂದ ಅವರು ಕೆಲಸದಿಂದ ನಿವೃತ್ತರಾಗಬೇಕಾಯಿತು. ನಿವೃತ್ತಿ ವೇತನ ಅಲ್ಪ; ದೃಷ್ಟಿ ದಿನೇದಿನೇ ಮಂದ. ಹಿರಿಯ ಮಗಳು ಅಮಾಲಿ ತಂದೆಗೆ ಕಣ್ಣಾಗಿ ನಿಂತು, ಅವರು ಹೇಳಿದ್ದನ್ನು ಬರೆದುಕೊಂಡಳು. 1866ರಲ್ಲಿ ಸಾಲನಿಧಿ ಸಂಘಗಳ ಕುರಿತಾದ ಅವರ ಪ್ರಸಿದ್ಧ ಗ್ರಂಥ ಪ್ರಕಟವಾಯಿತು. ಜೀವನೋಪಾಯಕ್ಕಾಗಿ ದ್ರಾಕ್ಷಾರಸದ ವ್ಯಾಪಾರ ನಡೆಸುತ್ತ, ಸಂಘಗಳ ಕೆಲಸವನ್ನು ನಿಲ್ಲಿಸದೆ ಮುಂದುವರಿಸಿದರು. 1872ರಲ್ಲಿ ಹಳ್ಳಿಯ ಸಂಘಗಳನ್ನು ಕೂಡಿಸುವ ಬ್ಯಾಂಕೊಂದನ್ನು ನಾಯ್‌ವೀಡ್ ಪಟ್ಟಣದಲ್ಲಿ ಸ್ಥಾಪಿಸಿದರು. ಒಂದು ಹಳ್ಳಿಯಲ್ಲಿ ಉಳಿದ ಹಣ ಕೊರತೆಯಿರುವ ಇನ್ನೊಂದು ಹಳ್ಳಿಗೆ ಹರಿಯಲು ಇದರಿಂದ ಸಾಧ್ಯವಾಯಿತು. 1888ನೆಯ ಇಸವಿ ಮಾರ್ಚ್ 11ರಂದು, ಎಪ್ಪತ್ತು ತುಂಬಲು ಕೆಲವೇ ದಿನಗಳಿರುವಾಗ, ಅವರು ಹೆಡ್ಡೆಸ್‌ಡಾರ್ಫಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಅಷ್ಟರಲ್ಲಿ ಅವರ ಮಾದರಿಯ ನೂರಾರು ಸಂಘಗಳು ಜರ್ಮನಿಯಲ್ಲಿ ಎದ್ದಿದ್ದವು.

ಇಲ್ಲಿ ಒಂದು ದೋಷವನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರವಾದೀತು. ಯೆಹೂದಿ ವ್ಯಾಪಾರಿಗಳ ವಿಷಯದಲ್ಲಿ ಆ ಕಾಲದ ಅನೇಕ ಕ್ರೈಸ್ತರಿಗಿದ್ದ ಪೂರ್ವಗ್ರಹ ರೈಫೈಸನರಿಗೂ ಇತ್ತು. ಅಂಥ ದ್ವೇಷಭಾವವನ್ನು ಧರ್ಮಸಭೆಯು 1965ರಲ್ಲಿ ವ್ಯಾಟಿಕನ್ ಮಹಾಸಭೆಯ ಮೂಲಕ ಸ್ಪಷ್ಟವಾಗಿ ತಿರಸ್ಕರಿಸಿದೆ. ಆದರೆ ದೇವರ ಲೀಲೆಯನ್ನು ನೋಡಿ: ಇಟಲಿ ದೇಶದಲ್ಲಿ ಈ ಮಾದರಿಯ ಮೊದಲ ಸಂಘವನ್ನು 1883ರಲ್ಲಿ ಲೊರೆಜ್ಜಿಯ ಎಂಬ ಹಳ್ಳಿಯಲ್ಲಿ ಕಟ್ಟಿದವರು ಲಿಯೋನೆ ವೊಲ್ಲೆಂಬೊರ್ಗ್ ಎಂಬ ಯೆಹೂದಿ ಮಹನೀಯರೇ!

ಕಥೋಲಿಕ ಧರ್ಮಕೇಂದ್ರಗಳಿಂದ ನಮ್ಮ ನಾಡಿಗೆ

1890ರಲ್ಲಿ ವೆನಿಸಿನ ಸಮೀಪದ ಗಂಬರಾರೆಯಲ್ಲಿ ಗುರುಗಳಾದ ಲುಯಿಜಿ ಚೆರುತ್ತಿಯವರು ಕಥೋಲಿಕ ಗ್ರಾಮನಿಧಿಯನ್ನು ಪ್ರಾರಂಭಿಸಿದರು. ಮರುವರ್ಷ ಜಗದ್ಗುರು 13ನೆಯ ಲಿಯೋರವರು ಕಾರ್ಮಿಕರ ಸ್ಥಿತಿಯ ಕುರಿತಾದ ತಮ್ಮ ವಿಶ್ವಪರಿಪತ್ರದಲ್ಲಿ ಬಡ್ಡಿಯ ಶೋಷಣೆಯನ್ನು ಖಂಡಿಸಿದರು. ಇಟಲಿಯ ಅನೇಕ ಧರ್ಮಕೇಂದ್ರಗಳಲ್ಲಿ ಇಂಥ ನಿಧಿಗಳು ಹುಟ್ಟಿದವು. 1900ರಲ್ಲಿ ಕೆನಡದ ಕಥೋಲಿಕರಾದ ಅಲ್ಫೋನ್ಸ್ ದೆಜಾರ್ದೆನ್ ತಮ್ಮ ಊರಿನಲ್ಲಿ ಜನತಾ ನಿಧಿಯನ್ನು ಕಟ್ಟಿದರು. ನಮ್ಮ ದೇಶದ ಛೋಟಾನಾಗಪುರದಲ್ಲಿ, ಸಾಲದಿಂದ ಭೂಮಿ ಕಳೆದುಕೊಳ್ಳುತ್ತಿದ್ದ ಆದಿವಾಸಿಗಳಿಗಾಗಿ, ಯೇಸುಸಭೆಯ ಗುರು ಜಾನ್ ಹಾಫ್‌ಮನ್ನರು 1909ರಲ್ಲಿ ಕಥೋಲಿಕ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. 1912ರಲ್ಲಿ ಮಂಗಳೂರಿನ ಕಥೋಲಿಕರೂ ತಮ್ಮ ಸಹಕಾರಿ ಸಂಸ್ಥೆಯನ್ನು ಕಟ್ಟಿಕೊಂಡರು.

ಕನ್ನಡ ನಾಡಿನ ಹಳ್ಳಿಗೆ ಈ ಬೆಳಕು ಇನ್ನೂ ಮೊದಲೇ ಬಂದಿತ್ತು. ಮದರಾಸು ಸರ್ಕಾರದ ಅಧಿಕಾರಿ ಫ್ರೆಡ್ರಿಕ್ ನಿಕಲ್ಸನ್ನರು ಯುರೋಪಿನ ಗ್ರಾಮಸಾಲದ ವ್ಯವಸ್ಥೆಯನ್ನು ಅಭ್ಯಸಿಸಿ, 1895ರಿಂದ ಹೊರಬಂದ ವರದಿಯಲ್ಲಿ ರೈಫೈಸನರ ಮಾರ್ಗವೇ ಭಾರತದ ರೈತನಿಗೆ ತಕ್ಕದ್ದೆಂದು ಸೂಚಿಸಿದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂತು. ಹಳ್ಳಿಯ ಸಂಘಗಳಿಗೆ ಅದು ವಿಧಿಸಿದ್ದು ರೈಫೈಸನರ ಅಪರಿಮಿತ ಹೊಣೆಯನ್ನೇ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘವು ದೇಶಕ್ಕೇ ಮೇಲ್ಪಂಕ್ತಿಯಾಯಿತು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನ ಸಹಕಾರ ಕಾನೂನನ್ನು ಹೊರಡಿಸಿತು. ಹೀಗೆ ತುಂಗಭದ್ರೆಯ ಆಚೆದಡದ ಮುಂಬಯಿ ಪ್ರಾಂತ್ಯಕ್ಕೂ ಈಚೆದಡದಲ್ಲಿರುವ ನಮ್ಮ ಹರಿಹರದ ಸೀಮೆಗೂ ಸಹಕಾರದ ಗಾಳಿ ಒಟ್ಟಿಗೇ ಬೀಸಿತು. ಇಂದು ನಾವು ಸೊಸೈಟಿಯೆಂದು ಕರೆಯುವ ಹಳ್ಳಿಯ ಸಂಘದ ಬೇರು ವೆಸ್ಟರ್‌ವಾಲ್ಡಿನ ಆ ಬಡಹಳ್ಳಿಗಳಲ್ಲಿದೆ. ಇಂದಿನ ಸಂಘಗಳ ಹೆಸರಿನ ಕೊನೆಗೆ ನಿಯಮಿತ ಎಂಬ ಮಾತಿರುತ್ತದೆ. ಸದಸ್ಯರ ಹೊಣೆಗೆ ಈಗ ಮಿತಿಯುಂಟೆಂದು ಅದರ ಅರ್ಥ.

ನಮಗೇನು ಪಾಠ?

ಪ್ರಿಯ ಓದುಗರೇ, ಸಂಘದ ಹೊಣೆಗೆ ಮಿತಿ ಬಂದಿರಬಹುದು. ಜಾಮೀನು ರುಜು ಹಾಕುವವನ ಹೊಣೆ ಹಗುರವಾಗಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಸುಮ್ಮನೆ ಒಂದು ರುಜು ತಾನೇ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಇಂದು ಮನೆಬಾಗಿಲಿಗೆ ಬರುವ ಕಿರುಸಾಲದ ಗುಂಪುಗಳಲ್ಲಿಯೂ ಒಬ್ಬರಿಗೊಬ್ಬರು ಹೊಣೆ ಎಂಬ ನಿಯಮವುಂಟು. ಆದರೆ ಅಲ್ಲಿ ಸಾಲ ಕೊಡುವವನು ಹೊರಗಿನವನು. ಲಾಭವೂ ಊರಿನಲ್ಲಿ ಉಳಿಯುವುದಿಲ್ಲ. ಒಂದು ಕಂತು ಕಟ್ಟಲು ಇನ್ನೊಂದು ಸಾಲ ಮಾಡುವ ದುಃಸ್ಥಿತಿ ಎಷ್ಟೋ ಮನೆಗಳಿಗೆ ಬಂದಿದೆ. ಬಲಾತ್ಕಾರದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಗಿ ಬಂದದ್ದನ್ನು ನಾವು ಕಂಡಿದ್ದೇವೆ. ಹೊಣೆಯನ್ನು ಉಳಿಸಿಕೊಂಡು ಪ್ರೀತಿಯನ್ನು ತೆಗೆದುಹಾಕಿದರೆ ಏನಾಗುವುದೆಂಬುದಕ್ಕೆ ಇದು ಸಾಕ್ಷಿ.

ಆದ್ದರಿಂದ ರುಜು ಹಾಕುವ ಮುನ್ನ ರೈಫೈಸನರ ಸಂಘ ಕೇಳುತ್ತಿದ್ದ ಪ್ರಶ್ನೆಗಳನ್ನು ನಾವೂ ಕೇಳಿಕೊಳ್ಳೋಣ. ಈ ಮನುಷ್ಯನನ್ನು ನಾವು ನಿಜವಾಗಿ ಬಲ್ಲೆವೇ? ಸಾಲ ಯಾವುದಕ್ಕೆ? ಯಾವ ದುಡಿಮೆಯಿಂದ ತೀರುತ್ತದೆ? ಅವನು ತೀರಿಸದಿದ್ದರೆ ಅದನ್ನು ಹೊರುವ ಶಕ್ತಿ ನಮಗಿದೆಯೇ? ಮನೆಯಾಕೆಗೂ ಮಕ್ಕಳಿಗೂ ಈ ವಿಷಯ ತಿಳಿದಿದೆಯೇ? ಇವಕ್ಕೆ ಸರಿಯಾದ ಉತ್ತರವಿಲ್ಲದಿದ್ದರೆ ಪ್ರೀತಿಯಿಂದಲೇ ಇಲ್ಲವೆನ್ನುವುದು ಪಾಪವಲ್ಲ. ಕೈಲಾದ ಸಣ್ಣ ಮೊತ್ತವನ್ನು ಮರಳಿ ಬಯಸದೆ ಕೊಟ್ಟುಬಿಡುವುದು ಎಷ್ಟೋ ವೇಳೆ ಮೇಲು. ಉತ್ತರ ಸರಿಯಿದ್ದರೆ ಭಯದಿಂದ ಹಿಂದೆಗೆಯುವುದೂ ಕ್ರೈಸ್ತಧರ್ಮವಲ್ಲ. ಇನ್ನು ಸಾಲ ಪಡೆದವನು ತನಗಾಗಿ ರುಜು ಹಾಕಿದವನ ಅಂಗಳ ದಾಟುವಾಗಲೆಲ್ಲ ತನ್ನ ಋಣವನ್ನು ನೆನೆಯಲಿ. ಕಂತು ತಪ್ಪುವಂತಿದ್ದರೆ ಬ್ಯಾಂಕಿನ ನೋಟೀಸು ಬರುವ ಮೊದಲೇ ತಾನಾಗಿ ಹೋಗಿ ಅವನಿಗೆ ತಿಳಿಸಲಿ. ಅಡಗಿಕೊಳ್ಳುವ ಸಾಲಗಾರನು ಹಣದ ಜೊತೆಗೆ ನಂಬಿಕೆಯನ್ನೂ ಕದಿಯುತ್ತಾನೆ. ಮುಂದೆ ಕಷ್ಟಕ್ಕೆ ಬರುವ ಇನ್ನೊಬ್ಬ ಬಡವನಿಗೆ ಬಾಗಿಲು ಮುಚ್ಚುವುದು ಅವನಿಂದಲೇ.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಒಬ್ಬರ ಮಾತನ್ನೊಬ್ಬರು ನಂಬಿ ಈ ದೇವಾಲಯದ ಬುನಾದಿ ಇಟ್ಟರು. ಆ ನಂಬಿಕೆಯೇ ನಮಗೆ ಅವರು ಬಿಟ್ಟುಹೋದ ಮೂಲಧನ. ನಮ್ಮೆಲ್ಲರ ಋಣವನ್ನು ಶಿಲುಬೆಯ ಮೇಲೆ ತೀರಿಸಿದ ಹೊಣೆಗಾರರಾದ ಯೇಸುಕ್ರಿಸ್ತರು, ವಿವೇಕದಿಂದ ಹೊಣೆನಿಲ್ಲುವ ಮನಸ್ಸನ್ನೂ, ಪ್ರಾಮಾಣಿಕತೆಯಿಂದ ಋಣ ತೀರಿಸುವ ಬಲವನ್ನೂ ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಕುಟುಂಬಕ್ಕೆ ದಯಪಾಲಿಸಲೆಂದು ಪ್ರಾರ್ಥಿಸುತ್ತೇವೆ.